ತಿಪಟೂರಲ್ಲಿ ಕೂತು ಗ್ರೀನ್‌ಲ್ಯಾಂಡ್ ಬಂಡೆ ಏಳೋದು ನೋಡಿದೆ: ಪುಕ್ಕಟೆ ಜಿಪಿಎಸ್ ಸರ್ವೀಸ್ ಒಂದರ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಇದು ದುಡ್ಡು ಕೊಟ್ಟು ತಗೊಂಡ ಸಾಮಾನಿನ ರಿವ್ಯೂ ಅಲ್ಲ, ಪುಕ್ಕಟೆ ಸಿಗೋ ಒಂದು ಸರ್ವೀಸು. ಪುಕ್ಕಟೆ ಅಂದ್ರೆ ನಿಜವಾಗ್ಲೂ ಪುಕ್ಕಟೆ, ಲಾಗಿನ್ ಇಲ್ಲ, ಓಟಿಪಿ ಇಲ್ಲ, ಮಧ್ಯದಲ್ಲಿ ಜಾಹೀರಾತು ಎಗರಿ ಬರಲ್ಲ. ಅಮೆರಿಕದ ರೀನೋ ಅನ್ನೋ ಊರಲ್ಲಿ ನೆವಾಡ ವಿಶ್ವವಿದ್ಯಾಲಯ ಇದೆ, ಅಲ್ಲಿನ ನೆವಾಡ ಜಿಯೋಡೆಟಿಕ್ ಲ್ಯಾಬೊರೇಟರಿಯೋರು ಪ್ರಪಂಚದ ಮೂಲೆಮೂಲೆಲಿರೋ ಪರ್ಮನೆಂಟ್ ಜಿಪಿಎಸ್ ಸ್ಟೇಷನ್‌ಗಳ ಡೇಟಾ ತಗೊಂಡು, ಒಂದೊಂದು ಸ್ಟೇಷನ್ನೂ ಯಾವ್ಯಾವ ದಿನ ಎಲ್ಲೆಲ್ಲಿತ್ತು ಅಂತ ಲೆಕ್ಕ ಹಾಕಿ, ಗ್ರಾಫ್ ಮಾಡಿ ಯಾರು ಬೇಕಾದ್ರೂ ನೋಡ್ಕೊಳ್ಳಿ ಅಂತ ಇಟ್ಟಿದ್ದಾರೆ. 2018 ರಲ್ಲೇ 17,000 ಕ್ಕಿಂತ ಜಾಸ್ತಿ ಸ್ಟೇಷನ್ ಅದ್ರಲ್ಲಿತ್ತು.

"ಸ್ಟೇಷನ್ ಎಲ್ಲಿತ್ತು ಅಂದ್ರೇನ್ರೀ, ಇಟ್ಟಲ್ಲೇ ಇರುತ್ತಲ್ಲ" ಅಂತ ನೀವು ಕೇಳ್ತೀರ. ನಾನೂ ಹಂಗೇ ಅನ್ಕೊಂಡಿದ್ದೆ, ಸರ್ವೆ ಕೆಲಸ ಶುರು ಮಾಡಿ ಅಷ್ಟು ವರ್ಷ ಆಗಿದ್ರೂ.

ನಾನು ಪ್ರೈವೇಟ್ ಸರ್ವೇಯರ್. ತಿಪಟೂರು ಸುತ್ತಮುತ್ತ ತೋಟ, ಸೈಟು, ಲೇಔಟು ಅಳೀತೀನಿ. 2011 ರಲ್ಲಿ ಒಬ್ಬ ಯಜಮಾನ್ರ ತೆಂಗಿನ ತೋಟದ ಮೂಲೆಲಿ ಕಾಂಕ್ರೀಟ್ ಕಲ್ಲು ಹೂತು, ಅದ್ರ ಮೇಲೆ ಜಿಪಿಎಸ್ ಇಟ್ಟು ಒಂದು ಹಗಲು ಪೂರ್ತಿ ಓಡ್ಸಿ, ಡೇಟಾನ ಆನ್‌ಲೈನಲ್ಲಿ ಕಳ್ಸಿ ಲೆಕ್ಕ ಹಾಕ್ಸಿದ್ದೆ. 2022 ರಲ್ಲಿ ಅದೇ ಕಲ್ಲು, ಮತ್ತೆ ಹಂಗೇ ಮಾಡಿದೆ. ನೋಡಿದ್ರೆ ಅರ್ಧ ಮೀಟರಿಗಿಂತ ಜಾಸ್ತಿ ವ್ಯತ್ಯಾಸ! ಈಶಾನ್ಯಕ್ಕೆ ಹೋಗಿದೆ ಕಲ್ಲು. ಎದೆ ಧಸಕ್ ಅಂತು, ಯಾಕಂದ್ರೆ ಪಕ್ಕದ ತೋಟದೋರಿಗೂ ಇವ್ರಿಗೂ ಬೇಲಿ ವಿಷಯದಲ್ಲಿ ಮೊದ್ಲಿಂದ ಅಷ್ಟಕ್ಕಷ್ಟೆ. ಯಜಮಾನ್ರು ಎಲೆ ಅಡಿಕೆ ಹಾಕ್ಕೊಂಡು ನಿಧಾನಕ್ಕೆ ಕೇಳಿದ್ರು, "ಏನ್ ಸ್ವಾಮಿ, ಕಲ್ಲೇನು ಓಡ್ಹೋಯ್ತಾ?"

ಓಡ್ಹೋಗಿದ್ದು ನಿಜ, ಆದ್ರೆ ಕಲ್ಲೊಂದೇ ಅಲ್ಲ. ಅವತ್ತು ರಾತ್ರಿ ಕೂತು ಹುಡುಕ್ತಾ ಹುಡುಕ್ತಾ ಈ ಲ್ಯಾಬಿನ ಪೇಜ್ ಸಿಕ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಳಗೆ ತೊಂಬತ್ತರ ದಶಕದಿಂದ ಒಂದು ಜಿಪಿಎಸ್ ಸ್ಟೇಷನ್ ಇದೆ, ಅದ್ರ ಕೋಡು ಐಐಎಸ್‌ಸಿ ಅಂತ್ಲೇ. ಅದನ್ನ ಟೈಪ್ ಮಾಡಿದೆ, ಗ್ರಾಫ್ ಬಂತು. ಮೂರು ಪಟ್ಟಿ, ಪೂರ್ವ ಒಂದು, ಉತ್ತರ ಒಂದು, ಮೇಲೆ-ಕೆಳಗೆ ಒಂದು. ಒಂದೊಂದು ದಿನಕ್ಕೂ ಒಂದೊಂದು ಚುಕ್ಕಿ, ಅಂಥಾ ಸಾವಿರಾರು ಚುಕ್ಕಿ ಸೇರಿ ಓರೆಯಾಗಿ ಹತ್ತಿಕೊಂಡು ಹೋಗ್ತಿರೋ ಗೆರೆ, ದಾರ ಹಿಡಿದು ಎಳೆದಂಗೆ ನೆಟ್ಟಗೆ. ಇಡೀ ಭಾರತದ ತಟ್ಟೆನೇ, ಅಂದ್ರೆ ದೇಶ ಕೂತಿರೋ ಭೂಮಿ ಚಿಪ್ಪಿನ ತುಂಡೇ, ವರ್ಷಕ್ಕೆ 5 ಸೆಂಟಿಮೀಟರ್ ಚಿಲ್ರೆ ಈಶಾನ್ಯಕ್ಕೆ ಜಾರ್ತಿದೆ, ಅದ್ರ ಮೇಲೆ ಕೂತಿರೋ ತಿಪಟೂರು, ತೋಟ, ಬೇಲಿ, ಯಜಮಾನ್ರು, ಪಕ್ಕದ ಮನೆಯೋರು ಎಲ್ಲಾ ಒಟ್ಟಿಗೆ ಜಾರ್ತಿದ್ದಾರೆ. ಮಾರನೇ ದಿನ ಹೋಗಿ, "ಯಜಮಾನ್ರೇ, ನಿಮ್ ತೋಟ ಎಷ್ಟು ಹೋಗಿದ್ಯೋ ಅವ್ರ ತೋಟನೂ ಅಷ್ಟೇ ಹೋಗಿದೆ, ಬೇಲಿ ಎಲ್ಲಿತ್ತೋ ಅಲ್ಲೇ ಇದೆ" ಅಂದೆ. ನನ್ ಮುಖನೇ ಒಂದು ನಿಮಿಷ ನೋಡಿದ್ರು, ಆಮೇಲೆ "ಫೀಸು ಅಷ್ಟೇ ತಾನೆ?" ಅಂದ್ರು.

ಹಂಗೆ ಶುರುವಾಗಿದ್ದು. ಅಲ್ಲಿಗೆ ನನ್ ಕೆಲಸ ಮುಗೀತು, ಪೇಜ್ ಮುಚ್ಚಬಹುದಿತ್ತು. ಆದ್ರೆ ಅದ್ರಲ್ಲಿ ಒಂದು ಮ್ಯಾಪ್ ಇದೆ, ಪ್ರಪಂಚದ ಮೇಲೆಲ್ಲಾ ಚುಕ್ಕಿ. ಕೈ ಸುಮ್ನಿರಲ್ವಲ್ಲ, ಮೇಲೆ ಎಳ್ಕೊಂಡು ಹೋದೆ, ಗ್ರೀನ್‌ಲ್ಯಾಂಡ್ ಹತ್ರ ಬಂದ್ರೆ ಅಂಚಲ್ಲೆಲ್ಲಾ ಸುತ್ತಲೂ ಸಾಲಾಗಿ ಚುಕ್ಕಿಗಳು, ನಡುವೆ ಖಾಲಿ. ಯಾಕಪ್ಪ ಹಿಂಗೆ ಅಂತ ಯೋಚ್ನೆ ಮಾಡಿದ್ಮೇಲೆ ಹೊಳೀತು, ನಡುವೆ ಇರೋದೆಲ್ಲ ಐಸು. ಬಂಡೆ ಸಿಗೋದು ಅಂಚಲ್ಲಿ ಮಾತ್ರ, ಅದಕ್ಕೇ ಅಂಚಿನ ಬಂಡೆಗೆ ಬೋಲ್ಟ್ ಹೊಡೆದು ಆಂಟೆನಾ ಕೂರ್ಸಿದ್ದಾರೆ. ಇದಕ್ಕೆ ಜಿನೆಟ್ ಅಂತಾರೆ, 50 ಕ್ಕಿಂತ ಹೆಚ್ಚು ಸ್ಟೇಷನ್. 2007 ರಿಂದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಮೈಕಲ್ ಬೆವಿಸ್ ಅವ್ರ ತಂಡ ಡೆನ್ಮಾರ್ಕಿನೋರ ಜೊತೆ ಸೇರಿ ಕಟ್ಟಿದ್ದು, ಈಗ ಡೆನ್ಮಾರ್ಕ್ ಸರ್ಕಾರ ನೋಡ್ಕೊಳ್ತಿದೆ.

ನೀವು ಯಾರಾದ್ರೂ ಈ ಸರ್ವೀಸ್ ಟ್ರೈ ಮಾಡೋದಾದ್ರೆ ಐಐಎಸ್‌ಸಿ ಆದ್ಮೇಲೆ ಎರಡನೇದು ಕೆಎಜಿಎ ಅಂತ ಟೈಪ್ ಮಾಡಿ. ಗ್ರೀನ್‌ಲ್ಯಾಂಡಿನ ಪಶ್ಚಿಮದಲ್ಲಿ ಇಲುಲಿಸಾಟ್ ಅಂತ ಊರು, ಅದ್ರ ಹತ್ರ ಯಾಕೊಬ್ಸ್‌ಹಾವ್ನ್ ಹಿಮನದಿ, ಅಲ್ಲಿನೋರ ಬಾಯಲ್ಲಿ ಸೆರ್ಮೆಕ್ ಕುಜಲ್ಲೆಕ್, ಪ್ರಪಂಚದಲ್ಲೇ ಜೋರಾಗಿ ಹರಿಯೋ ಹಿಮನದಿಗಳಲ್ಲಿ ಒಂದು. ಅದ್ರ ಪಕ್ಕದ ಬಂಡೆ ಮೇಲೆ 2006 ರಿಂದ ಈ ಸ್ಟೇಷನ್ ಇದೆ. ಬೆಂಗಳೂರಿನ ಗ್ರಾಫಲ್ಲಿ ಮೇಲೆ-ಕೆಳಗಿನ ಪಟ್ಟಿ ಹೆಚ್ಚುಕಮ್ಮಿ ಮಟ್ಟಸವಾಗಿ ಹೋಗುತ್ತೆ, ಇಲ್ಲಿ ಅದು ಮೇಲೆ ಹತ್ತುತ್ತೆ. ವರ್ಷಕ್ಕೆ ಸುಮಾರು 2 ಸೆಂಟಿಮೀಟರ್. ಬಂಡೆ ಸ್ವಾಮಿ, ಬಂಡೆ! ನಾವು ಬೆಂಚ್‌ಮಾರ್ಕ್, ಅಂದ್ರೆ ಎತ್ತರದ ಗುರುತು, ಕೆತ್ತೋಕೆ ಹುಡುಕ್ಕೊಂಡು ಹೋಗೋದೇ ಬಂಡೆನ, ಅದು ಅಲ್ಲಾಡಲ್ಲ ಅನ್ನೋ ನಂಬಿಕೆ ಮೇಲೆ.

ಯಾಕೆ ಏಳುತ್ತೆ ಅನ್ನೋದಕ್ಕೆ ನನಗೆ ನಮ್ಮೂರ ಮಾರ್ಕೆಟ್ಟೇ ಸಾಕು. ಕೊಬ್ಬರಿ ಮೂಟೆ ತೂಗೋ ಪ್ಲಾಟ್‌ಫಾರ್ಮ್ ತಕ್ಕಡಿ ನೋಡಿದೀರಲ್ಲ, ಮೂಟೆ ಇಟ್ರೆ ಪ್ಲೇಟು ಕಣ್ಣಿಗೆ ಕಾಣದಷ್ಟು ಕೆಳಗೆ ಹೋಗುತ್ತೆ, ಇಳಿಸಿದ್ರೆ ಮೇಲೆ ಬರುತ್ತೆ. ಗ್ರೀನ್‌ಲ್ಯಾಂಡಲ್ಲಿ ಮೂಟೆ ಅಂದ್ರೆ ಕೆಲವು ಕಡೆ 3 ಕಿಲೋಮೀಟರ್ ದಪ್ಪದ ಐಸು, ಪ್ಲೇಟು ಅಂದ್ರೆ ಭೂಮಿಯ ಚಿಪ್ಪು. 2002 ರಿಂದ ಈಚೆಗೆ ಸರಾಸರಿ ವರ್ಷಕ್ಕೆ ಸುಮಾರು 270 ಶತಕೋಟಿ ಟನ್ ಐಸು ಆ ಪ್ಲೇಟಿನ ಮೇಲಿಂದ ಇಳೀತಿದೆ, ಗ್ರೇಸ್ ಅನ್ನೋ ಉಪಗ್ರಹ ಜೋಡಿ, 2018 ರಿಂದ ಅದ್ರ ಜಾಗಕ್ಕೆ ಬಂದ ಹೊಸ ಜೋಡಿ, ಗುರುತ್ವ ಅಳೆದು ಹೇಳಿದ ಲೆಕ್ಕ ಅದು. ಭಾರ ಇಳಿದಂಗೆ ಬಂಡೆ ಏಳುತ್ತೆ, ಆವತ್ತಿಂದಾವತ್ತೇ. ಗ್ರೇಸ್ ಮೇಲಿಂದ ಇಡೀ ಮಂಡಿ ವಹಿವಾಟು ಒಟ್ಟಾಗಿ ಹೇಳುತ್ತೆ, ಜಿಪಿಎಸ್ಸು ಯಾವ ಅಂಗಡಿ ಮುಂದೆ ಎಷ್ಟು ಮೂಟೆ ಇಳೀತು ಅಂತ ಹೇಳುತ್ತೆ, ಎರಡೂ ಬೇಕು.

ಗ್ರಾಫನ್ನ ಸ್ವಲ್ಪ ಹೊತ್ತು ನೋಡ್ತಾ ಕೂತ್ರೆ ಗೆರೆ ಒಳಗೆ ಒಂದು ಅಲೆ ಕಾಣುತ್ತೆ. ಚಳಿಗಾಲದಲ್ಲಿ ಹಿಮ ಬಿದ್ದು ಕೂತು ಕೂತು ಬಂಡೆ ಕೊಂಚ ಕೆಳಗೆ, ಬೇಸಿಗೆಲಿ ಕರಗಿ ಮೇಲೆ, ಮತ್ತೆ ಕೆಳಗೆ. ಉಸಿರಾಡಿದಂಗೆ. ಬ್ರೆಜಿಲಿನ ಮನೌಸ್‌ನಲ್ಲಿ ಐಸ್ ಇಲ್ಲ, ಅಮೆಜಾನ್ ನದಿ ನೆರೆ ನೀರಿನ ಭಾರಕ್ಕೇ ಅಲ್ಲಿನ ಸ್ಟೇಷನ್ ವರ್ಷಕ್ಕೊಂದ್ಸಲ 5 ರಿಂದ 7 ಸೆಂಟಿಮೀಟರ್ ಇಳಿದು ಏಳುತ್ತೆ. ನೇಪಾಳದಲ್ಲೂ ಮುಂಗಾರು ನೀರಿಗೆ ನೆಲ ತಗ್ಗುತ್ತೆ. ಇದೆಲ್ಲ ಓದಿದ್ಮೇಲೆ ಮಳೆಗಾಲದಲ್ಲಿ ನಾನು ಲೆವೆಲ್ ತಗೊಳ್ಳೋವಾಗ ಸುಮ್‌ಸುಮ್ನೆ ನೆಲ ನೋಡ್ತೀನಿ, ಅಭ್ಯಾಸ ಆಗೋಗಿದೆ.

2010 ಅನ್ನೋ ಇಸವಿ ಬಂದಾಗ ಗ್ರೀನ್‌ಲ್ಯಾಂಡಿನ ದಕ್ಷಿಣದ ಸ್ಟೇಷನ್‌ಗಳನ್ನ ನೋಡಿ. ಆ ವರ್ಷ ಕರಗಿದ್ದು ಜಾಸ್ತಿ, ಬೆವಿಸ್ ಅವ್ರ ತಂಡ 2011 ರಲ್ಲಿ ಹೇಳಿದ್ದೇನಂದ್ರೆ ಕೆಲವು ಸ್ಟೇಷನ್ನು 5 ತಿಂಗಳಲ್ಲಿ ಮಾಮೂಲಿಗಿಂತ 20 ಮಿಲಿಮೀಟರ್ ತನಕ ಜಾಸ್ತಿ ಎದ್ದಿದ್ವು. 2012 ಜುಲೈನಲ್ಲಿ ಐಸ್ ಹಾಸಿನ ಮೇಲ್ಮೈಯ ಸುಮಾರು 97% ಜಾಗದಲ್ಲಿ ಕರಗೋದು ಉಪಗ್ರಹಕ್ಕೆ ಕಂಡಿತ್ತು. ಆಮೇಲೆ 2013 ರಲ್ಲಿ ಬ್ರೇಕ್ ಹಾಕ್ದಂಗೆ ನಿಧಾನ ಆಗ್ಬಿಡ್ತು, ಒಂದು ಒಂದೂವರೆ ವರ್ಷ ಹಂಗೇ ಇತ್ತು. ನನಗೆ ಈ ನಿಂತಿದ್ದೇ ಜಾಸ್ತಿ ಇಷ್ಟ ಆಯ್ತು. ಯಾಕಂದ್ರೆ ಟೀವಿಲಿ "ಹಿಮ ಕರಗ್ತಿದೆ ಕರಗ್ತಿದೆ" ಅಂತ ಒಂದೇ ರಾಗ, ಕೆಲವರು ವಾಟ್ಸಾಪಲ್ಲಿ "ಎಲ್ಲಾ ಸುಳ್ಳು" ಅಂತ ಇನ್ನೊಂದು ರಾಗ. ಚುಕ್ಕಿಗೆ ರಾಗ ಇಲ್ಲ. ಜಾಸ್ತಿ ಕರಗಿದ ವರ್ಷ ಜಾಸ್ತಿ ಎದ್ದಿದೆ, ನಿಂತ ವರ್ಷ ನಿಂತಿದೆ. ಒಂದೇ ಸಮ ಏರೋ ಗ್ರಾಫ್ ತೋರ್ಸಿದ್ರೆ ಸರ್ವೇಯರ್ ಆಗಿ ನನಗೇ ಅನುಮಾನ ಬರ್ತಿತ್ತು, ಯಾರೋ ಆಫೀಸಲ್ಲೇ ಕೂತು ಫೀಲ್ಡ್‌ಬುಕ್ ತುಂಬಿದ್ದಾರೆ ಅಂತ.

ಇಷ್ಟು ಹೊಗಳಿದೆ ಅಂತ ಎಲ್ಲಾ ಏರೋ ಗೆರೆನೂ ಇವತ್ತಿನ ಕರಗುವಿಕೆ ಅನ್ಕೊಂಡ್ರೆ ಕೆಟ್ಟಿರಿ. ನಾನು ಹಂಗೇ ಕೆಟ್ಟೆ. ಸ್ವೀಡನ್ ಕಡೆ ಹೋಗಿ ಬೋತ್ನಿಯಾ ಕೊಲ್ಲಿ ಹತ್ರದ ಸ್ಟೇಷನ್ ಒತ್ತಿದ್ರೆ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಏಳ್ತಿದೆ, ನಾನು ಭಾರಿ ಪತ್ತೆ ಮಾಡಿದೋನಂಗೆ ನಮ್ಮ ಸರ್ವೇಯರ್ ಗ್ರೂಪಿಗೆ "ಸ್ವೀಡನ್ನಲ್ಲೂ ಐಸ್ ಕರಗ್ತಿದೆ" ಅಂತ ಹಾಕ್ಬಿಟ್ಟೆ. ಅಲ್ಲಿ ಕರಗೋಕೆ ಅಷ್ಟು ಐಸೇ ಇಲ್ಲ! ಅಲ್ಲಿದ್ದ ಮಹಾ ಹಿಮದ ಹಾಸು ಕರಗಿ ಹತ್ತು ಸಾವಿರ ವರ್ಷದ ಹತ್ರ ಆಗಿದೆ, ನೆಲ ಇನ್ನೂ ಏಳ್ತಾನೇ ಇದೆ. ಚಿಪ್ಪಿನ ಕೆಳಗಿನ ಭಾಗ ತಕ್ಕಡಿ ಸ್ಪ್ರಿಂಗ್ ಥರ ಅಲ್ಲ, ನಾದಿದ ಚಪಾತಿ ಹಿಟ್ಟಿನ ಥರ, ಬೆರಳಲ್ಲಿ ಒತ್ತಿ ಬಿಟ್ರೆ ತಕ್ಷಣ ಏಳಲ್ಲ, ಸಾವಕಾಶವಾಗಿ ಏಳುತ್ತೆ. ಆ ಹಳೇ ಏಳುವಿಕೆ ಗ್ರೀನ್‌ಲ್ಯಾಂಡಲ್ಲೂ ಅಂಟಾರ್ಕ್ಟಿಕದಲ್ಲೂ ಇವತ್ತಿನದ್ರ ಜೊತೆ ಕಲಸಿಕೊಂಡಿರುತ್ತೆ. ಈ ಪೇಜು ಬೇರೆ ಮಾಡಿ ಕೊಡಲ್ಲ, ಕೊಡ್ತೀನಿ ಅಂತ ಅವ್ರು ಹೇಳೂ ಇಲ್ಲ. ಮುಳ್ಳು ಎಲ್ಲಿ ನಿಂತಿದೆ ಅಂತ ಮಾತ್ರ ಹೇಳ್ತಾರೆ, ಪ್ಲೇಟಿನ ಮೇಲೆ ಯಾವ ಮೂಟೆ ಇದೆ ಅಂತ ತಿಳ್ಕೊಳ್ಳೋದು ನಮ್ ತಲೆನೋವು. ಗ್ರೂಪಲ್ಲಿ ಒಬ್ರು ರಿಟೈರ್ಡ್ ಸಾಹೇಬ್ರು ತಿದ್ದಿದ್ರು, ಸಾರಿ ಅಂತ ಕೈ ಮುಗಿಯೋ ಗುರುತು ಹಾಕ್ದೆ.

ಆ ಕಲಸಿಕೊಂಡಿರೋದು ಎಷ್ಟು ಮುಖ್ಯ ಅನ್ನೋದಕ್ಕೆ ಅಂಟಾರ್ಕ್ಟಿಕದ ಅಮುಂಡ್ಸೆನ್ ಸಮುದ್ರದ ಕಡೆ ನೋಡ್ಬೇಕು. ಪೋಲ್‌ನೆಟ್ ಅನ್ನೋ ಯೋಜನೆಯೋರು ಅಲ್ಲಿ ಬಂಡೆ ಮೇಲೆ ಕೂರ್ಸಿರೋ ಸ್ಟೇಷನ್‌ಗಳಲ್ಲಿ ವರ್ಷಕ್ಕೆ 41 ಮಿಲಿಮೀಟರ್ ತನಕ ಏರಿಕೆ ಕಂಡಿದೆ, 2018 ರಲ್ಲಿ ಪ್ರಕಟ ಆಯ್ತು. ಅಲ್ಲಿ ಕೆಳಗಿನ ಹಿಟ್ಟು ತುಂಬಾ ಮೆತ್ತಗೆ, ಸ್ವೀಡನ್ ಥರ ಸಾವಿರಾರು ವರ್ಷ ತಗೊಳ್ಳಲ್ಲ, ಕೆಲವೇ ದಶಕಗಳಲ್ಲಿ ಎದ್ದು ಬರುತ್ತೆ. ಇದ್ರಲ್ಲಿ ಒಂಚೂರು ಸಮಾಧಾನದ ವಿಷಯನೂ ಇದೆ, ಆ ಕಡೆ ಐಸು ಕೂತಿರೋದು ಸಮುದ್ರ ಮಟ್ಟಕ್ಕಿಂತ ಕೆಳಗಿನ ನೆಲದ ಮೇಲೆ, ನೆಲ ಬೇಗ ಎದ್ರೆ ಐಸಿಗೆ ಕಾಲೂರೋಕೆ ಜಾಗ ಸಿಗುತ್ತೆ, ಜಾರಿ ಹೋಗೋದು ಸ್ವಲ್ಪ ತಡೆಯಬಹುದು ಅಂತ ಅದೇ ವಿಜ್ಞಾನಿಗಳು ಬರೆದಿದ್ದಾರೆ. ಇಂಥದ್ದು ವಾಟ್ಸಾಪಲ್ಲಿ ಯಾರೂ ಫಾರ್ವರ್ಡ್ ಮಾಡಲ್ಲ ನೋಡಿ.

ಐಸ್‌ಲ್ಯಾಂಡ್ ಕೂಡ ಒಂದ್ಸಲ ನೋಡಿ. ಅಲ್ಲಿ ಕೆಲವು ಕಡೆ ವರ್ಷಕ್ಕೆ 35 ಮಿಲಿಮೀಟರ್ ತನಕ ಏಳುತ್ತೆ. ಹಾಫ್ನ್ ಅಂತ ಮೀನುಗಾರರ ಊರು, ವಾತ್ನಾಯಕುಲ್ ಹಿಮದ ಪಕ್ಕದಲ್ಲೇ, ಅಲ್ಲಿ ಸಮುದ್ರ ಏರೋದಿರ್ಲಿ, ನೆಲ ಏಳ್ತಾ ಬಂದರಿನ ಆಳ ಕಮ್ಮಿ ಆಗಿ ದೋಣಿಗೆ ತಳ ತಾಗೋ ಚಿಂತೆ.

ಈಗ ಇದೆಲ್ಲ ಹೆಂಗೆ ಸಾಧ್ಯ, ನಮ್ ಫೋನಲ್ಲಿ ಜಿಪಿಎಸ್ಸು ನಮ್ಮನ್ನ ಪಕ್ಕದ ರಸ್ತೆ ಮೇಲೆ ತೋರ್ಸುತ್ತಲ್ಲ ಅಂತ ಕೇಳ್ತೀರ. ಉಪಗ್ರಹ ಇರೋದು 20,200 ಕಿಲೋಮೀಟರ್ ಎತ್ತರದಲ್ಲಿ, ಫೋನು ಅದ್ರ ಸಿಗ್ನಲ್ಲಿನ ಕೋಡ್ ಓದಿ ಸುಮಾರಾಗಿ ಲೆಕ್ಕ ಹಾಕುತ್ತೆ, ಕೆಲವು ಮೀಟರ್ ಆಚೀಚೆ ಆದ್ರೂ ಪರವಾಗಿಲ್ಲ ಅಂತ. ಈ ಸ್ಟೇಷನ್‌ಗಳು ಕೋಡ್ ಬಿಟ್ಟು ಅಲೆನೇ ಎಣಿಸ್ತವೆ, ಮುಖ್ಯ ಸಿಗ್ನಲ್ಲಿನ ಒಂದು ಅಲೆ 19 ಸೆಂಟಿಮೀಟರ್ ಉದ್ದ, ಅದ್ರಲ್ಲೂ ನೂರರಲ್ಲೊಂದು ಭಾಗದ ತನಕ ಓದ್ಬಹುದು. ಎರಡು ಫ್ರೀಕ್ವೆನ್ಸಿ ಇರೋದ್ರಿಂದ ಅಯಾನುಗೋಳದ, ಅಂದ್ರೆ ಮೇಲೆ ವಿದ್ಯುತ್ ಕಣ ತುಂಬಿರೋ ಗಾಳಿ ಪದರದ, ತೊಂದ್ರೆ ತೆಗೀಬಹುದು, ಗಾಳಿಲಿರೋ ನೀರಾವಿ ಸಿಗ್ನಲ್‌ನ ತಡ ಮಾಡೋದನ್ನ ಲೆಕ್ಕದಲ್ಲೇ ಅಂದಾಜು ಮಾಡ್ತಾರೆ, ಉಪಗ್ರಹ ನಿಜವಾಗ್ಲೂ ಎಲ್ಲಿತ್ತು ಅನ್ನೋ ಪಕ್ಕಾ ಲೆಕ್ಕ ಬರೋಕೆ ಎರಡು ವಾರ ಕಾಯ್ತಾರೆ. 24 ಗಂಟೆ ಡೇಟಾ ಸೇರ್ಸಿ ಒಂದು ಚುಕ್ಕಿ. ಅಷ್ಟಾದ್ರೂ ಒಂದು ದಿನದ ಎತ್ತರ ಹತ್ತಿರತ್ತಿರ ಸೆಂಟಿಮೀಟರಿನಷ್ಟು ಆಚೀಚೆ ಆಗುತ್ತೆ, ಅಡ್ಡಡ್ಡ ಅಳತೆ ಇನ್ನೂ ಚೆನ್ನಾಗಿ ಬರುತ್ತೆ. ಕಾರಣ ನಮ್ಮೋರಿಗೆಲ್ಲ ಗೊತ್ತಿರೋದೇ, ಉಪಗ್ರಹ ಎಲ್ಲಾ ತಲೆ ಮೇಲೇ ಇರ್ತವೆ, ಕಾಲ ಕೆಳಗೆ ಯಾವುದೂ ಇಲ್ಲ. ಧ್ರುವದ ಕಡೆ ಇನ್ನೊಂದು ಪೇಚು, ಜಿಪಿಎಸ್ ಕಕ್ಷೆ 55 ಡಿಗ್ರಿ ಓರೆ, ಹಾಗಾಗಿ ಅಲ್ಲಿ ನೆತ್ತಿ ಮೇಲೆ ಉಪಗ್ರಹನೇ ಬರಲ್ಲ. ಒಂದು ದಿನದ್ದು ಹಂಗಿದ್ರೂ ಹತ್ತು ವರ್ಷದ ಮೂರೂವರೆ ಸಾವಿರ ಚುಕ್ಕಿ ಸೇರಿದ್ಮೇಲೆ ವೇಗ ಮಾತ್ರ ಮಿಲಿಮೀಟರಿನ ಒಳಗೆ ಬಂದ್ಬಿಡುತ್ತೆ.

ವೇಗ ತೆಗಿಯೋಕೆ ಈ ಲ್ಯಾಬಿನೋರದ್ದೇ ಒಂದು ಲೆಕ್ಕ ಇದೆ, ಮೈಡಾಸ್ ಅಂತ, 2016 ರಲ್ಲಿ ಜೆಫ್ರಿ ಬ್ಲೂಯಿಟ್ ಮತ್ತವರ ಜೊತೆಯೋರು ಮಾಡಿದ್ದು. ಅದ್ರ ಜಾಣತನ ಕೇಳಿ. ಒಂದು ವರ್ಷ ಅಂತರದ ಎರಡೆರಡು ಚುಕ್ಕಿ ಜೋಡಿ ಮಾಡಿ, ಒಂದೊಂದು ಜೋಡಿಗೂ ವೇಗ ತೆಗೆದು, ಎಲ್ಲಾ ಸಾಲಾಗಿ ನಿಲ್ಸಿ ನಡುವಿನದನ್ನ ಆರಿಸ್ಕೊಳ್ಳೋದು. ಒಂದು ವರ್ಷದ ಅಂತರ ಇರೋದ್ರಿಂದ ಬೇಸಿಗೆ-ಚಳಿಗಾಲದ ಅಲೆ ತನ್ನಷ್ಟಕ್ಕೆ ಹೊಡೆದು ಹೋಗುತ್ತೆ, ಸರಾಸರಿ ಬದ್ಲು ನಡುವಿನದು ತಗೊಳ್ಳೋದ್ರಿಂದ ಎಲ್ಲೋ ಒಂದು ಕಡೆ ದಿಢೀರ್ ಅಂತ ಎಗರಿದ್ರೂ ಕೆಡಲ್ಲ.

ಆ ದಿಢೀರ್ ಎಗರೋದು ಅಂದ್ನಲ್ಲ, ಅದನ್ನ ಬಿಡ್ಸಿ ಹೇಳ್ಬೇಕು, ನನ್ನ ಸ್ವಂತ ಮರ್ಯಾದೆ ಹೋದ ವಿಷಯ. ಹೋದ್ವರ್ಷ ಒಂದು ಲೇಔಟಿನ ಲೆವೆಲಿಂಗ್‌ಗೆ ನಮ್ಮ ಹುಡುಗ ರೋವರ್, ಅಂದ್ರೆ ಪೋಲಿನ ತುದೀಲಿ ಕೂರ್ಸಿರೋ ಜಿಪಿಎಸ್, ಹಿಡಿದಿದ್ದ. ಪೋಲ್ 2 ಮೀಟರಿಗೆ ಸೆಟ್ ಮಾಡಿದ್ದು, ಮಧ್ಯಾಹ್ನ ಊಟ ಆದ್ಮೇಲೆ ಮರದ ಕೊಂಬೆ ತಾಗುತ್ತೆ ಅಂತ 1.80 ಕ್ಕೆ ಇಳಿಸ್ಕೊಂಡಿದ್ದಾನೆ, ಕಂಟ್ರೋಲರಲ್ಲಿ ಬದಲಾಯಿಸಿಲ್ಲ, ನಾನೂ ನೋಡಿಲ್ಲ. ಸಂಜೆ ಪ್ಲಾಟ್ ಹಾಕಿದ್ರೆ ಅರ್ಧ ಲೇಔಟು 20 ಸೆಂಟಿಮೀಟರ್ ಹಳ್ಳಕ್ಕೆ ಇಳಿದಿದೆ. ಚರಂಡಿ ನೀರು ಹಿಂದಕ್ಕೆ ಹರಿಯೋ ಡಿಸೈನ್ ಆಗಿತ್ತು. ಪುಣ್ಯಕ್ಕೆ ಇಂಜಿನಿಯರಿಗೆ ಕಳ್ಸೋ ಮುಂಚೆ ಕಣ್ಣಿಗೆ ಬಿತ್ತು. ಈ ಸ್ಟೇಷನ್‌ಗಳಿಗೂ ಅದೇ ಕಾಯಿಲೆ. ಆಂಟೆನಾ ಬದಲಾಯಿಸಿದ್ರೆ, ಮೇಲಿನ ಗುಮ್ಮಟದ ಮುಚ್ಚಳ ಬದಲಾಯಿಸಿದ್ರೆ ಗ್ರಾಫಲ್ಲಿ ಮೆಟ್ಟಿಲು ಬೀಳುತ್ತೆ, ನೆಲ ಏನೂ ಅಲ್ಲಾಡಿರಲ್ಲ. ಅದಕ್ಕೇ ಈ ಸರ್ವೀಸಲ್ಲಿ ಮೆಟ್ಟಿಲುಗಳದ್ದೇ ಒಂದು ಪಟ್ಟಿ ಇಟ್ಟಿದ್ದಾರೆ, ಯಾವ ದಿನ ಯಾವ ಸ್ಟೇಷನಲ್ಲಿ ಸಾಮಾನು ಬದಲಾಯ್ತು, ಯಾವ ದಿನ ಹತ್ರದಲ್ಲಿ ಭೂಕಂಪ ಆಯ್ತು ಅಂತ. ಯಾವುದೇ ಗ್ರಾಫ್ ನೋಡಿ ಬಾಯ್ಬಿಡೋ ಮುಂಚೆ ಆ ಪಟ್ಟಿ ನೋಡಿ. ನನ್ ಕೇಳಿದ್ರೆ ಈ ಸರ್ವೀಸಲ್ಲಿ ಅತ್ಯಂತ ಬೆಲೆಬಾಳೋ ಫೈಲು ಅದೇ.

ಇದ್ರಲ್ಲಿ ಸಿಗದೇ ಇರೋದೂ ಹೇಳ್ಬೇಕು. ಇಲ್ಲಿ ಹೆಚ್ಚಿನವು ಬಂಡೆ, ಕಟ್ಟಡ, ಗಟ್ಟಿ ಕಂಬದ ಮೇಲಿನ ಸ್ಟೇಷನ್. ಐಸ್ ಮೇಲೇ ಜಿಪಿಎಸ್ ನೆಟ್ಟು ಅದ್ರ ಓಟ ಅಳಿಯೋದು ಬೇರೆ ಕಸುಬು, ಅದು ಒಂದೊಂದು ಸೀಸನ್ನಿನ ಪ್ರಯೋಗ, ರೋಚಕವಾಗಿರೋದೆಲ್ಲ ಅಲ್ಲೇ. 2006 ರ ಜುಲೈನಲ್ಲಿ ಗ್ರೀನ್‌ಲ್ಯಾಂಡಿನ ಐಸ್ ಮೇಲೆ 5.6 ಚದರ ಕಿಲೋಮೀಟರಿನ ಒಂದು ಕೆರೆ ಇತ್ತು, ನಮ್ ಲೆಕ್ಕದಲ್ಲಿ ಹತ್ತಿರತ್ತಿರ 1,400 ಎಕರೆ. ತಳ ಬಿರುಕು ಬಿಟ್ಟು ಅಷ್ಟೂ ನೀರು ಒಂದೂವರೆ ಗಂಟೆ ಒಳಗೆ ಸುಮಾರು ಒಂದು ಕಿಲೋಮೀಟರ್ ದಪ್ಪದ ಐಸ್ ಸೀಳ್ಕೊಂಡು ಕೆಳಗಿಳೀತು, ನಯಾಗರಕ್ಕಿಂತ ಜೋರು. ಪಕ್ಕದಲ್ಲಿ ನೆಟ್ಟಿದ್ದ ಜಿಪಿಎಸ್ಸು ಏನು ಹೇಳ್ತು ಅಂದ್ರೆ, ಕೆಳಗೆ ನುಗ್ಗಿದ ನೀರು ಆ ಐಸನ್ನೇ 1.2 ಮೀಟರ್ ಎತ್ತಿಬಿಟ್ಟಿತ್ತು. ನನ್ ಪೋಲ್ ತಪ್ಪಿನ ಆರರಷ್ಟು, ನಿಜವಾಗ್ಲೂ ಎದ್ದಿದ್ದು. ಅಂಟಾರ್ಕ್ಟಿಕದ ವಿಲ್ಲನ್ಸ್ ಅನ್ನೋ ಹಿಮಪ್ರವಾಹ ಇನ್ನೂ ವಿಚಿತ್ರ, ದಿನಪೂರ್ತಿ ಅಲ್ಲಾಡದಂಗೆ ಕೂತಿದ್ದು ಸಮುದ್ರದ ಉಬ್ಬರ ಇಳಿತಕ್ಕೆ ತಾಳ ಹಾಕ್ಕೊಂಡು ದಿನಕ್ಕೆ ಎರಡು ಸಲ ಅರ್ಧ ಗಂಟೆಲಿ ಅರ್ಧ ಮೀಟರ್ ಹತ್ರ ಜಿಗಿಯುತ್ತೆ. ಹಳೇ ಬೀರುವಿನ ಡ್ರಾಯರ್ ಎಳೆದಂಗೆ, ಬರಲ್ಲ ಬರಲ್ಲ ಅಂತ ಒಮ್ಮೆಲೇ ಬಂದ್ಬಿಡೋದು.

ನಮ್ಮೋರೂ ಮಾಡಿದ್ದಾರೆ ಸ್ವಾಮಿ, ಬರೀ ಅವ್ರದ್ದೇ ಕಥೆ ಅಲ್ಲ. ಅಂಟಾರ್ಕ್ಟಿಕದಲ್ಲಿ ಭಾರತದ ಮೈತ್ರಿ ನೆಲೆ ಇದೆಯಲ್ಲ, ಶಿರ್ಮಾಕರ್ ಅನ್ನೋ ಬಂಡೆ ಪ್ರದೇಶದಲ್ಲಿ, ಅಲ್ಲಿ ಹೈದರಾಬಾದಿನ ಎನ್‌ಜಿಆರ್‌ಐ, ಅಂದ್ರೆ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, 1997 ರಲ್ಲೇ ಪರ್ಮನೆಂಟ್ ಜಿಪಿಎಸ್ ಸ್ಟೇಷನ್ ಹಾಕಿತ್ತು. ಭಾರತೀಯ ಭೂಕಾಂತತ್ವ ಸಂಸ್ಥೆಯೋರು 2003 ಮತ್ತು 2004 ರಲ್ಲಿ ಪಕ್ಕದ ಹಿಮನದಿ ಮೇಲೆ 21 ಕಡೆ ಗೂಟ ನೆಟ್ಟು ಅಳೆದಿದ್ರು, ಜಾಗ ನೋಡ್ಕೊಂಡು ವರ್ಷಕ್ಕೆ ಸುಮಾರು 2 ರಿಂದ 11 ಮೀಟರ್ ತನಕ ಹರೀತಿದೆ ಅಂತ ಬಂತು. ಗೂಟ ನೆಟ್ಟು ಮಾರನೇ ವರ್ಷ ಹೋಗಿ ಅದೇ ಗೂಟ ಹುಡ್ಕಿ ಅಳೆಯೋದು, ನನ್ ಕೆಲ್ಸಾನೇ ಅದು, ಚಳಿ ಮಾತ್ರ ಬೇರೆ. ಅಲ್ಲಿ ತಿಂಗಳಾನುಗಟ್ಟಲೆ ಸೂರ್ಯ ಹುಟ್ಟಲ್ಲ, ಧ್ರುವದ ಸ್ಟೇಷನ್‌ಗಳಿಗೆ ಸೋಲಾರ್ ಪ್ಯಾನಲ್ ಜೊತೆ ರಾಶಿ ರಾಶಿ ಬ್ಯಾಟರಿ ಇಟ್ಟು ಬರ್ತಾರೆ, ಕತ್ತಲೆ ಕಾಲ ಅದ್ರಲ್ಲೇ ತಳ್ಳಬೇಕು. ಇಲ್ಲಿ ನನ್ನ ರೋವರ್ ಬ್ಯಾಟರಿ, ಮಾರಿದ ಅಂಗಡಿಯೋರು 8 ಗಂಟೆ ಬರುತ್ತೆ ಅಂತ ಆಣೆ ಮಾಡಿದ್ದು, ಮೂರೂವರೆ ಗಂಟೆಗೆ ಕೀಂಯ್ ಅನ್ನುತ್ತೆ. ವಾರಂಟಿ ಕೇಳೋಕೆ ಹೋದ್ರೆ "ಬಿಸಿಲಿಗೆ ಇಟ್ಟಿದೀರ ಸಾರ್" ಅಂತಾರೆ. ಸರ್ವೇಯರ್ ಬಿಸಿಲಿಗೆ ಇಡದೆ ಇನ್ನೆಲ್ಲಿಡ್ಬೇಕು? ಇರ್ಲಿ, ಅದು ಬೇರೆ ರಿವ್ಯೂ.

ಇನ್ನೊಂದು ಕುತೂಹಲದ್ದು ಹೇಳಿ ಮುಂದೆ ಹೋಗ್ತೀನಿ. ನಮಗೆ ಜಿಪಿಎಸ್ಸಲ್ಲಿ ದೊಡ್ಡ ಶತ್ರು ಮಲ್ಟಿಪಾತು, ಶೀಟ್ ಮನೆ ಪಕ್ಕ, ಟ್ಯಾಂಕ್ ಪಕ್ಕ ಸಿಗ್ನಲ್ ತಾಗಿ ವಾಪಸ್ ಬಂದು ಅಳತೆ ಕೆಡಿಸುತ್ತೆ. ಅಮೆರಿಕದ ಕ್ರಿಸ್ಟೀನ್ ಲಾರ್ಸನ್ ಅನ್ನೋ ವಿಜ್ಞಾನಿ ಆ ಕಸದಿಂದ್ಲೇ ರಸ ತೆಗೆದ್ರು. ನೆಲದ ಮೇಲಿನ ಹಿಮಕ್ಕೆ ತಾಗಿ ಬರೋ ಸಿಗ್ನಲ್ಲು ನೇರ ಸಿಗ್ನಲ್ ಜೊತೆ ಸೇರಿ ಏರಿಳಿಯುತ್ತಲ್ಲ, ಆ ಏರಿಳಿತದಿಂದ ಆಂಟೆನಾಗೂ ಹಿಮಕ್ಕೂ ಎಷ್ಟು ಅಂತರ ಅಂತ ಲೆಕ್ಕ ಹಾಕ್ಬಹುದು, ಅಂದ್ರೆ ಹಿಮ ಎಷ್ಟು ಬಿತ್ತು ಎಷ್ಟು ಕರಗಿತು ಅಂತ. ಇದನ್ನ ಓದಿದ್ ದಿನ ನಾನು ಇಷ್ಟು ವರ್ಷ ಬೈದ ಶೀಟ್ ಮನೆಗಳನ್ನೆಲ್ಲ ನೆನೆಸ್ಕೊಂಡೆ.

ಸರಿ, ಬಳಸೋ ಅನುಭವಕ್ಕೆ ಬರೋಣ, ರಿವ್ಯೂ ಅಂದ್ಮೇಲೆ ಅದೂ ಬೇಕಲ್ಲ. ಪೇಜ್ ಹಗುರ, ನಮ್ಮೂರಲ್ಲಿ ಮಳೆ ಬಂದು ನೆಟ್ ಎರಡು ಕಡ್ಡಿ ಇದ್ದಾಗ್ಲೂ ತೆರ್ಕೊಳ್ಳುತ್ತೆ. ಕಂಪ್ಯೂಟರಲ್ಲೇ ನೋಡಿ, ಸಾವಿರಾರು ಚುಕ್ಕಿ ಫೋನಿನ ಪರದೆಲಿ ಇರುವೆ ಸಾಲಿನಂಗಾಗುತ್ತೆ. ಗ್ರಾಫ್ ಸಾಲದು ಅನ್ನೋರಿಗೆ ಡೇಟಾ ಫೈಲೇ ಇಳಿಸ್ಕೋಬಹುದು, ಒಂದು ದಿನಕ್ಕೆ ಒಂದು ಸಾಲು, ಬರೀ ಅಂಕಿ. ಎಕ್ಸೆಲ್‌ಗೆ ಹಾಕ್ದಾಗ ಮೊದಲ ಸಲ ಎಲ್ಲಾ ಅಂಕಿ ಒಂದೇ ಕಾಲಮ್ಮಲ್ಲಿ ಮುದ್ದೆಯಾಗಿ ಕೂತ್ವು, ಸ್ಪೇಸ್ ನೋಡಿ ಬಿಡ್ಸು ಅಂತ ಹೇಳ್ಬೇಕು, ಅದು ಗೊತ್ತಾಗೋಕೆ ನನಗೆ ಒಂದು ರಾತ್ರಿ ಬೇಕಾಯ್ತು, ಕೊನೆಗೆ ಹೇಳ್ಕೊಟ್ಟಿದ್ದು ಪಿಯುಸಿ ಓದೋ ಮಗಳು. ಇನ್ನೊಂದು, ಪೂರ್ವ-ಉತ್ತರ ಪಟ್ಟಿ ನೋಡುವಾಗ ತಟ್ಟೆ ಜಾರೋದು ಸೇರ್ಕೊಂಡಿರುತ್ತೆ, ಗ್ರೀನ್‌ಲ್ಯಾಂಡು ಉತ್ತರ ಅಮೆರಿಕದ ತಟ್ಟೆ ಮೇಲಿದೆ, ಅದನ್ನ ಕಳೆದ್ಮೇಲೇ ಐಸ್ ಇಳಿದಿದ್ದಕ್ಕೆ ಬಂಡೆ ಯಾವ ಕಡೆ ಸರೀತು ಅಂತ ಗೊತ್ತಾಗೋದು. ಮೊದಮೊದಲು ಮೇಲೆ-ಕೆಳಗಿನ ಪಟ್ಟಿ ಒಂದೇ ನೋಡಿ, ಸಾಕು. ಇದು ವಿಜ್ಞಾನಿಗಳಿಗೆ ಅಂತ ಮಾಡಿದ್ದು, ವಿವರಣೆ ಕೊಟ್ಟು ಕೈ ಹಿಡಿದು ನಡೆಸೋರು ಯಾರೂ ಇಲ್ಲ, ಹಿಂದಿನ ಬಾಗಿಲಿಂದ ನುಗ್ಗಿರೋ ನಮ್ಮಂಥೋರು ಅದನ್ನ ದೂರೋ ಹಂಗಿಲ್ಲ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಟ್ ಮಾಡಿದ್ದು ನನ್ ಇಂಗ್ಲಿಷಿಗೆ.

ಹೋದ ತಿಂಗಳು ಅದೇ ಯಜಮಾನ್ರ ತೋಟಕ್ಕೆ ಮತ್ತೆ ಹೋಗಿದ್ದೆ, ಭಾಗ ಮಾಡೋಕೆ. ಮಳೆ ಹಿಡ್ಕೊಂಡ್ತು, ಜಗಲಿ ಮೇಲೆ ಕೂತು ಲ್ಯಾಪ್‌ಟಾಪಲ್ಲಿ ಕೆಎಜಿಎ ತೆರೆದು ತೋರ್ಸಿದೆ, ನೋಡಿ ಯಜಮಾನ್ರೇ ನಿಮ್ ಕಲ್ಲು ಬರೀ ಪಕ್ಕಕ್ಕೆ ಹೋಯ್ತು, ಈ ಕಲ್ಲು ಮೇಲಕ್ಕೇ ಹೋಗ್ತಿದೆ ಅಂತ. ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದ್ರು. ಐಸಿನ ಭಾರ ಇಳಿದಿದ್ದಕ್ಕೆ ಹಿಂಗೆ ಅಂದೆ.

"ಇಳಿದಿದ್ದು ಎಲ್ಲೋಯ್ತು?"

"ಸಮುದ್ರಕ್ಕೆ ಯಜಮಾನ್ರೇ."

"ಅಲ್ಲಿ ಪಕ್ಕದಲ್ಲೇ ಇರೋ ಸಮುದ್ರ ತಾನೆ, ಅಲ್ಲೇ ಏರುತ್ತೆ ಬಿಡಿ."

ಇಲ್ಲ ಅಂದೆ, ಉಲ್ಟಾ. ಅಷ್ಟು ದೊಡ್ಡ ಐಸ್ ಗುಡ್ಡ ತನ್ನ ಗುರುತ್ವದಲ್ಲಿ ಸುತ್ತಲ ನೀರನ್ನ ತನ್ನ ಕಡೆಗೆ ಎಳ್ಕೊಂಡಿರುತ್ತೆ, ಐಸ್ ಕಮ್ಮಿ ಆದ್ರೆ ಎಳೆತ ಕಮ್ಮಿ, ನೆಲ ಬೇರೆ ಏಳುತ್ತೆ, ಗ್ರೀನ್‌ಲ್ಯಾಂಡ್ ಪಕ್ಕದಲ್ಲಿ ಸಮುದ್ರ ಇಳಿಯುತ್ತೆ, ಜಾಸ್ತಿ ಏರೋದು ದೂರದಲ್ಲಿ, ನಮ್ ಕಡೆ ಸಮುದ್ರದಲ್ಲೂ. 360 ಶತಕೋಟಿ ಟನ್ ಐಸ್ ಕರಗಿದ್ರೆ ಪ್ರಪಂಚದ ಸಮುದ್ರ ಸರಾಸರಿ 1 ಮಿಲಿಮೀಟರ್.

ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಮಳೆ ನೋಡ್ತಾ ಕೂತಿದ್ರು. ಆಮೇಲೆ, "ಮಂಗಳೂರಲ್ಲಿ ನಮ್ ಮಗಳ ಮನೆ ಇದೆ, ಕಡಲ ಹತ್ರಾನೇ. ಅಲ್ಲೊಂದು ಈ ಥರ ಮಿಷನ್ ಇಟ್ಟಿದ್ದಾರಾ ನೋಡಿ ಸ್ವಾಮಿ" ಅಂದ್ರು. ಮ್ಯಾಪ್ ತೆರೆದು ಕರಾವಳಿ ಉದ್ದಕ್ಕೂ ಎಳೀತಾ ಹುಡುಕ್ತಾ ಕೂತ್ವಿ, ಇಬ್ರ ಕಾಫಿನೂ ಆರೋಯ್ತು.